ಗುಳೆ ಹೋದರೂ ಗುಳಿಗೆ ತಪ್ಪದಿರಲಿ

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಂಥ ಊರುಗಳಲ್ಲಿ ಸಂಜೆ ಬಸ್ಸಿಗೆ ಕಾಯುವವರ ಗಂಟುಮೂಟೆಯೇ ಬೇರೆ. ಜೋಳದ ಹಿಟ್ಟಿನ ಚೀಲ, ಖಾರದಪುಡಿಯ ಡಬ್ಬಿ, ಕೌದಿಯ ಸುರುಳಿ, ಎರಡು ಪಾತ್ರೆ, ಕಂಕುಳಲ್ಲಿ ಕೂಸು. ಹೊರಟಿರುವುದು ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ, ಹೈದರಾಬಾದಿಗೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಮೇಸ್ತ್ರಿಯ ಮುಂಗಡ ಆಗಲೇ ಸಾಲಕ್ಕೆ ಸಂದಿರುತ್ತದೆ. ಆಧಾರ್ ಕಾರ್ಡು, ಮೊಬೈಲು ಜೇಬಿನಲ್ಲಿವೆ. ಆದರೆ ಗರ್ಭಿಣಿಯ ತಾಯಿ ಕಾರ್ಡು, ಕ್ಷಯದ ಮಾತ್ರೆ, ಎಚ್‌ಐವಿಗೆ ದಿನವೂ ತಪ್ಪದೆ ನುಂಗಬೇಕಾದ ಎಆರ್‌ಟಿ ಗುಳಿಗೆ ಇವು ಎಷ್ಟೋ ಸಲ ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಉಳಿದುಬಿಡುತ್ತವೆ.

ಹೀಗೆ ಮರೆತು ಉಳಿಯುವ ಚೀಲವೇ ಈ ಲೇಖನದ ಕಾಳಜಿ. ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ, ಔಷಧ ಮೂರೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ದೇಶದ ಯಾವ ಮೂಲೆಗೆ ಹೋದರೂ ಆ ಹಕ್ಕು ಮನುಷ್ಯನ ಜತೆಗೇ ಹೋಗುತ್ತದೆ. ಅದನ್ನು ಕೇಳಿ ಪಡೆಯುವ ದಾರಿ ಗೊತ್ತಿಲ್ಲದೆ ಗುಳೆಯ ಹಾದಿಯಲ್ಲಿ ಚಿಕಿತ್ಸೆ ತುಂಡಾಗುತ್ತದೆ.

ನೀರಿಲ್ಲದ ದಂಡೆ

ರಾಯಚೂರು ಜಿಲ್ಲೆಯ ಈ ಭಾಗವನ್ನು ನೋಡಿದವರಿಗೆ ಗುಳೆಯ ಕಾರಣ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು ಭತ್ತದ ಕಣಜ. ಅಲ್ಲಿ ನಾಟಿಗೆ, ಕೊಯ್ಲಿಗೆ ಹೊರಗಿನಿಂದ ಕೂಲಿಗಳು ಬರುತ್ತಾರೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಇವೆರಡರ ನಡುವಿನ ಮಸ್ಕಿ ತಾಲ್ಲೂಕಿನ ಬಹಳಷ್ಟು ಹಳ್ಳಿಗಳು ಮಾತ್ರ ಮಳೆಯನ್ನೇ ನಂಬಿವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ರೈತರು ಪಾಮನಕಲ್ಲೂರಿನಲ್ಲೇ ಧರಣಿ ಕುಳಿತರು. 2021ರ ಏಪ್ರಿಲ್‌ನಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ದೊಡ್ಡ ಚರ್ಚೆಯಾದದ್ದೂ ಇದೇ ಕಾಲುವೆ. ಹೊಲಕ್ಕೆ ನೀರು ಬಾರದ ಕಡೆ ಜನ ಕೂಲಿಯ ಬೆನ್ನು ಹತ್ತುತ್ತಾರೆ.

ಹಾಗೆ ಹೋದವರ ಆರೋಗ್ಯ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದ ಸಿಂಧನೂರು ಕಡೆಯ ಒಬ್ಬ ಹೆಣ್ಣುಮಗಳು ಊರಿಗೆ ನಡೆದು ಹೊರಟು, ದಾರಿಯಲ್ಲಿ ಬಳಲಿ, ಆ ವರ್ಷದ ಏಪ್ರಿಲ್ ಮೊದಲ ವಾರ ಬಳ್ಳಾರಿಯಲ್ಲಿ ತೀರಿಕೊಂಡಳು. ಅದೇ ದಿನಗಳಲ್ಲಿ ಎಚ್‌ಐವಿ ಜತೆ ಬದುಕುತ್ತಿದ್ದವರು ಊರಿಗೆ ಮರಳಿ, ತಮ್ಮ ಔಷಧ ಕೇಂದ್ರದಿಂದ ನೂರಾರು ಕಿಲೋಮೀಟರ್ ದೂರ ಉಳಿದರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಆಗ ಎರಡು ಸೂಚನೆ ಕೊಟ್ಟಿತು: ಹಲವು ತಿಂಗಳ ಗುಳಿಗೆಯನ್ನು ಒಮ್ಮೆಲೇ ಕೊಡಿ, ಹತ್ತಿರದ ಯಾವ ಎಆರ್‌ಟಿ ಕೇಂದ್ರಕ್ಕೆ ಬಂದರೂ ಔಷಧ ಕೊಡಿ. ಔಷಧ ಒಂದೇ ಊರಿಗೆ ಕಟ್ಟಿಬಿದ್ದಿರಬೇಕಿಲ್ಲ ಎಂಬುದು ಆಗ ಎಲ್ಲರಿಗೂ ಕಂಡಿತು.

ದೂರು ಹೊರಿಸುವ ಮುನ್ನ

ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿ ಜತೆ ಬದುಕುತ್ತಿದ್ದಾರೆಂಬುದು ನ್ಯಾಕೊ ಅಂದಾಜು. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಹೆಚ್ಚು ಜನರಿರುವುದು ಕರ್ನಾಟಕದಲ್ಲಿ. ನಮ್ಮ ಭಾಗದ ಗುಳೆಯ ಕೆಲವು ದಾರಿಗಳು ಹೋಗುವುದೂ ಈ ರಾಜ್ಯಗಳೊಳಗೇ. ಹಾಗೆಂದು ‘ಗುಳೆ ಹೋದವರೇ ರೋಗ ತಂದರು’ ಎನ್ನುವುದು ತಪ್ಪು. ಗಣಿ ಕೆಲಸಕ್ಕೆ ವಲಸೆ ಹೋಗುವವರ ಕುಟುಂಬಗಳನ್ನು ದಕ್ಷಿಣ ಆಫ್ರಿಕಾದಲ್ಲಿ ಅಧ್ಯಯನ ಮಾಡಿದ ಸಂಶೋಧಕರು, ದಂಪತಿಯಲ್ಲಿ ಒಬ್ಬರಿಗಷ್ಟೇ ಸೋಂಕಿದ್ದ ಪ್ರಕರಣಗಳನ್ನು ಬೇರೆಯಾಗಿ ನೋಡಿದರು. ಅವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದಲ್ಲಿ ಸೋಂಕಿದ್ದದ್ದು ಹೊರಗೆ ದುಡಿಯುವ ಗಂಡನಿಗಲ್ಲ, ಊರಲ್ಲೇ ಉಳಿದ ಹೆಂಡತಿಗೆ. ಸಂಗಾತಿಯಿಂದ ತಿಂಗಳುಗಟ್ಟಲೆ ದೂರವಿರುವುದು, ಒಂಟಿತನ, ಕುಡಿತ, ಹಣದ ಅಡಚಣೆ, ಹೆಣ್ಣಿನ ಮೇಲಿನ ಬಲಾತ್ಕಾರ ಇವು ಮನೆಯಲ್ಲಿ ಉಳಿದವರಿಗೂ ಹೊರಗೆ ಹೋದವರಿಗೂ ಅಪಾಯ ತರುತ್ತವೆ. ಅದಕ್ಕೇ ಪರೀಕ್ಷೆ ಇಬ್ಬರಿಗೂ ಬೇಕು.

ಎಚ್‌ಐವಿ ಹರಡುವ ದಾರಿಗಳು ಕೆಲವೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ಚಿಕಿತ್ಸೆ ಪಡೆಯದ ತಾಯಿಯಿಂದ ಬಸಿರು, ಹೆರಿಗೆ, ಮೊಲೆಹಾಲಿನ ಅವಧಿಯಲ್ಲಿ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಶೆಡ್ಡಿನಲ್ಲಿ ಮಲಗಿದರೆ, ಒಂದೇ ಶೌಚಾಲಯ ಬಳಸಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಸೂಜಿಯ ಮಾತನ್ನು ಹಳ್ಳಿಗಳಲ್ಲಿ ಮತ್ತೆ ಮತ್ತೆ ಹೇಳಬೇಕಿದೆ. ಮೈಕೈ ನೋವಿಗೂ ‘ಒಂದು ಸೂಜಿ ಮಾಡ್ರಿ ಸಾಹೇಬ್ರ’ ಎಂದು ಕೇಳುವುದು ನಮ್ಮ ಕಡೆ ರೂಢಿ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮೌ ಭಾಗದಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಇರುವುದು ಪತ್ತೆಯಾದಾಗ ಬೆರಳು ಹೋದದ್ದು ಅಸುರಕ್ಷಿತ ಚುಚ್ಚುಮದ್ದಿನ ಕಡೆಗೆ. ಗುಳಿಗೆಯಲ್ಲಿ ವಾಸಿಯಾಗುವ ಜ್ವರಕ್ಕೆ ಸೂಜಿ ಬೇಡ. ಬೇಕೇ ಆದರೆ ಹೊಸ ಸಿರಿಂಜಿನ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಯುವಂತೆ ಕೇಳುವುದು ರೋಗಿಯ ಹಕ್ಕು.

ಬಸ್ ಹತ್ತುವ ಮುನ್ನ

ಮೊದಲ ಕೆಲಸ ಪರೀಕ್ಷೆ. ಸಿಂಧನೂರು, ಲಿಂಗಸುಗೂರಿನಂಥ ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಗೆ ಹಣವಿಲ್ಲ. ಮೊದಲು ಸಮಾಲೋಚಕರು ಒಂಟಿಯಾಗಿ ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ, ಆಮೇಲೆ ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಸೋಂಕಿನ ಸುಳಿವು ಕಂಡರೆ ಬೇರೆ ಎರಡು ಬಗೆಯ ಕಿಟ್‌ಗಳಲ್ಲಿ ಖಚಿತಪಡಿಸಿಕೊಂಡ ನಂತರವೇ ಫಲಿತಾಂಶ ಹೇಳುವುದು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣದಿರಬಹುದು. ಆದ್ದರಿಂದ ಇತ್ತೀಚೆಗೆ ಅಪಾಯದ ಪ್ರಸಂಗ ನಡೆದಿದ್ದರೆ ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಕಾಂಡೋಮ್ ಕೂಡ ಅಲ್ಲೇ ಉಚಿತವಾಗಿ ಸಿಗುತ್ತದೆ. ಗುಪ್ತಾಂಗದಲ್ಲಿ ಹುಣ್ಣು, ಉರಿ, ಕೀವು ಇದ್ದರೆ ನಾಚದೆ ಲೈಂಗಿಕ ಸೋಂಕುಗಳ ‘ಸುರಕ್ಷಾ ಕ್ಲಿನಿಕ್’ಗೆ ತೋರಿಸಬೇಕು. ಆ ಹುಣ್ಣುಗಳಿದ್ದರೆ ಎಚ್‌ಐವಿ ತಗುಲುವ ಸಾಧ್ಯತೆ ಹೆಚ್ಚು.

ಈಗಾಗಲೇ ಎಆರ್‌ಟಿ ಗುಳಿಗೆ ನುಂಗುತ್ತಿರುವವರು ಹೊರಡುವ ಮುನ್ನ ತಮ್ಮ ಕೇಂದ್ರಕ್ಕೆ ಹೋಗಿ, ‘ನಾವು ಇಂಥ ಊರಿಗೆ, ಇಷ್ಟು ತಿಂಗಳಿಗೆ ಹೊರಟೀವಿ’ ಎಂದು ಬಾಯಿಬಿಟ್ಟು ಹೇಳಬೇಕು. ಕೇಂದ್ರದವರ ಮುಂದೆ ಮೂರು ದಾರಿಗಳಿವೆ. ರೋಗಿಯ ಆರೋಗ್ಯ ಸ್ಥಿರವಾಗಿದ್ದರೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆಯನ್ನು ಒಟ್ಟಿಗೇ ಕೊಡಬಹುದು. ಹೋಗುವ ಊರಲ್ಲಿ ಬಹುಕಾಲ ಉಳಿಯುವವರಾದರೆ ಅಲ್ಲಿನ ಕೇಂದ್ರಕ್ಕೆ ಹೆಸರು ವರ್ಗಾಯಿಸಿ ಪತ್ರ ಕೊಡಬಹುದು. ಸ್ವಲ್ಪ ದಿನದ ಓಡಾಟವಾದರೆ, ಪ್ರಯಾಣದಲ್ಲಿರುವ ರೋಗಿಯೆಂದು ಬೇರೆ ಕೇಂದ್ರದಲ್ಲಿ ಔಷಧ ಪಡೆಯುವ ಅವಕಾಶವೂ ಇದೆ. ಈ ಮೂರಕ್ಕೂ ಬೇಕಾದದ್ದು ಎಆರ್‌ಟಿ ಕೇಂದ್ರ ಕೊಟ್ಟ ಹಸಿರು ಪುಸ್ತಕ. ಅದರಲ್ಲಿ ನೋಂದಣಿ ಸಂಖ್ಯೆ, ಯಾವ ಗುಳಿಗೆ, ಕೊನೆಯ ಸಲ ಕೊಟ್ಟ ದಿನ ಎಲ್ಲ ಬರೆದಿರುತ್ತದೆ. ಪುಸ್ತಕವನ್ನು ಜತೆಗಿಟ್ಟುಕೊಳ್ಳಿ. ಯಾರಾದರೂ ನೋಡಿಯಾರೆಂಬ ಅಂಜಿಕೆ ಇದ್ದರೆ ಆ ಪುಟಗಳ ಫೋಟೊ ಮೊಬೈಲಿನಲ್ಲಿರಲಿ.

ಜಿಲ್ಲೆಯಲ್ಲಿ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಮನೆಗೆ ಹತ್ತಿರವಾಗುವ ಕೇಂದ್ರ ಯಾವುದೆಂದು ತಾಲ್ಲೂಕು ಆಸ್ಪತ್ರೆಯ ಸಮಾಲೋಚಕರು ತಿಳಿಸುತ್ತಾರೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ತಿಂಗಳ ಔಷಧಕ್ಕೆ ರಾಯಚೂರಿಗೆ ಹೋಗಿಬರುವ ಎಷ್ಟೋ ತಾಯಂದಿರಿಗೆ ಇದೊಂದು ಆಸರೆ.

ಶೆಡ್ಡಿನಲ್ಲಿದ್ದಾಗ

ಹೊಸ ಊರು ಮುಟ್ಟಿದ ಮೇಲೆ ಮೊದಲು ನೆನಪಿಡಬೇಕಾದ ಸಂಖ್ಯೆ 1097. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ. ಕರೆಗೆ ಹಣವಿಲ್ಲ, ಹಗಲು ರಾತ್ರಿ ಸಿಗುತ್ತದೆ. ‘ನಾನು ಪುಣೆಯ ಇಂಥ ಕಡೆ ಇದ್ದೀನಿ, ಗುಳಿಗೆ ಎಲ್ಲಿ ಸಿಗುತ್ತದೆ’ ಎಂದು ಕೇಳಿದರೆ ಹತ್ತಿರದ ಕೇಂದ್ರ ಹೇಳುತ್ತಾರೆ. ಎಆರ್‌ಟಿ ಇಡೀ ದೇಶದ ಕಾರ್ಯಕ್ರಮ. ರೇಷನ್ ಕಾರ್ಡು ರಾಯಚೂರಿನದು, ಮಾತು ಕನ್ನಡ ಎಂಬ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ.

ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿದಾಗ ಔಷಧ ಸಿಗುತ್ತಿದ್ದದ್ದು ರೋಗ ಬಲಿತವರಿಗೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ತಕ್ಷಣ ಶುರುವಾಗುತ್ತದೆ. ಈಗ ಬಹುತೇಕರಿಗೆ ದಿನಕ್ಕೊಂದೇ ಗುಳಿಗೆ. ಮೂರು ಔಷಧಗಳು ಅದರಲ್ಲೇ ಸೇರಿವೆ. ನಿತ್ಯ ತಪ್ಪದೆ ನುಂಗಿದರೆ ಕೆಲವು ತಿಂಗಳಲ್ಲಿ ರಕ್ತದಲ್ಲಿನ ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗುತ್ತದೆ. ಹಾಗೆ ತಗ್ಗಿಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ವೈರಸ್ ತಗ್ಗಿದೆಯೇ ಎಂದು ತಿಳಿಸುವ ವೈರಲ್ ಲೋಡ್ ಪರೀಕ್ಷೆಯೂ ಉಚಿತ. ಗುಳಿಗೆ ಆಗಾಗ ಬಿಟ್ಟರೆ ಮಾತ್ರ ವೈರಸ್ ಮತ್ತೆ ಏರುತ್ತದೆ, ಔಷಧಕ್ಕೆ ಬಗ್ಗದ ಹಂತಕ್ಕೂ ಹೋಗಬಹುದು.

ಕೂಲಿ ಮಾಡುವವರಿಗೆ ವೇಳೆ ಪಾಲಿಸುವುದು ಕಷ್ಟ. ರಾತ್ರಿ ಊಟದ ಹೊತ್ತು ಅಥವಾ ಮಲಗುವ ಹೊತ್ತನ್ನು ಗುರುತಿಟ್ಟುಕೊಂಡು ಮೊಬೈಲಿನಲ್ಲಿ ಅಲಾರಂ ಇಟ್ಟರೆ ಸುಲಭ. ಹೊಟ್ಟೆಯುರಿಗೆ ನುಂಗುವ ಗ್ಯಾಸಿನ ಮಾತ್ರೆ, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗಳನ್ನು ಎಆರ್‌ಟಿ ಜತೆ ಒಟ್ಟಿಗೇ ನುಂಗಿದರೆ ಔಷಧದ ಬಲ ಕುಂದಬಹುದು. ಎಷ್ಟು ಅಂತರ ಬೇಕೆಂದು ಕೇಂದ್ರದಲ್ಲಿ ಕೇಳಿಕೊಳ್ಳಿ.

ಇಕ್ಕಟ್ಟಾದ ಶೆಡ್ಡು ಮತ್ತು ಅರೆಹೊಟ್ಟೆ ಕ್ಷಯಕ್ಕೆ ಹಾದಿ. ಎಚ್‌ಐವಿ ಇರುವವರಲ್ಲಿ ಸಾವಿಗೆ ಕ್ಷಯವೇ ದೊಡ್ಡ ಕಾರಣ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಈ ನಾಲ್ಕರಲ್ಲಿ ಒಂದು ಕಂಡರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯದ ಚಿಕಿತ್ಸೆಯೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ.

ಕಾಂಡೋಮ್ ಹರಿದರೆ, ಬಳಸಿದ ಸೂಜಿ ಚುಚ್ಚಿದರೆ, ಅತ್ಯಾಚಾರ ನಡೆದರೆ ಕಾಯುತ್ತ ಕೂರಬಾರದು. 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗುವ ತಡೆ ಔಷಧವಿದೆ. ಮೊದಲ ಗಂಟೆಗಳಲ್ಲೇ ಶುರುಮಾಡಿದರೆ ಫಲ ಹೆಚ್ಚು. ರಾತ್ರಿಯಾದರೂ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ.

ಬಸುರಿಯ ಚೀಲದಲ್ಲಿ ತಾಯಿ ಕಾರ್ಡು

ಮೊದಲ ತಪಾಸಣೆ ಬೆಂಗಳೂರಿನ ಶೆಡ್ಡಿನ ಹತ್ತಿರ, ಹೆರಿಗೆ ತವರಲ್ಲಿ, ಬಾಣಂತನ ಮುಗಿದೊಡನೆ ಮತ್ತೆ ಗುಳೆ. ನಮ್ಮ ಹೆಣ್ಣುಮಕ್ಕಳ ಬಸಿರು ಹೀಗೆ ಎರಡು ಊರುಗಳ ನಡುವೆ ಹಂಚಿಹೋಗುತ್ತದೆ. ಪ್ರತಿ ಬಸಿರಿನಲ್ಲೂ ಮೊದಲ ಮೂರು ತಿಂಗಳೊಳಗೆ ಎಚ್‌ಐವಿ ಪರೀಕ್ಷೆ ಆಗಬೇಕು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿ ಗುಳಿಗೆ ನುಂಗಿ, ಮಗುವಿಗೆ ಹುಟ್ಟಿದೊಡನೆ ಔಷಧ ಹಾಕಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಮಗುವಿನ ಮೊದಲ ಪರೀಕ್ಷೆ ಆರನೇ ವಾರದಲ್ಲಿ, ಕೊನೆಯ ಖಚಿತ ಪರೀಕ್ಷೆ ಹದಿನೆಂಟನೇ ತಿಂಗಳಲ್ಲಿ. ನಡುವೆ ಗುಳೆ ಹೊರಟರೆ ಈ ದಿನಾಂಕಗಳನ್ನು ಆಶಾ ಕಾರ್ಯಕರ್ತೆಯಿಂದ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡೇ ಹೋಗಬೇಕು.

ಕಾಯ್ದೆ ಯಾರ ಪರ?

ಸಾರ್ವಜನಿಕ ವಲಯದ ನಿಗಮವೊಂದರಲ್ಲಿ ದಿನಗೂಲಿಗಿದ್ದ ಕಾರ್ಮಿಕನೊಬ್ಬನಿಗೆ ಎಚ್‌ಐವಿ ಇದೆಯೆಂದು ತಿಳಿದಾಗ ಕೆಲಸದ ಪಟ್ಟಿಯಿಂದ ಅವನ ಹೆಸರು ತೆಗೆದರು. ಅವನು ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದ. ಹೆಸರು ಬಯಲಾಗದಂತೆ ಅವನನ್ನು ‘ಎಂಎಕ್ಸ್’ ಎಂದೇ ಕರೆದು ವಿಚಾರಣೆ ನಡೆಸಿದ ನ್ಯಾಯಾಲಯ, ಕೆಲಸ ಮಾಡುವ ಶಕ್ತಿಯಿದ್ದು ಇತರರಿಗೆ ಅಪಾಯವಿಲ್ಲದ ಮೇಲೆ ಎಚ್‌ಐವಿ ಒಂದನ್ನೇ ಕಾರಣ ಮಾಡಿ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂದು 1997ರಲ್ಲಿ ತೀರ್ಪಿತ್ತಿತು. ಗೆದ್ದವನು ಒಬ್ಬ ದಿನಗೂಲಿ ಎಂಬುದನ್ನು ಗುಳೆ ಹೋಗುವ ಪ್ರತಿಯೊಬ್ಬರೂ ತಿಳಿದಿರಬೇಕು.

ಇಪ್ಪತ್ತು ವರ್ಷದ ನಂತರ ಸಂಸತ್ತು ಅದನ್ನೇ ಕಾನೂನು ಮಾಡಿತು. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ದೇಶದಲ್ಲಿ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಅದರ ಮುಖ್ಯ ಮಾತುಗಳು ಹೀಗಿವೆ:

* ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳಲು, ಚಿಕಿತ್ಸೆ ಕೊಡಲು ಪರೀಕ್ಷೆಯ ಷರತ್ತು ಹಾಕುವಂತಿಲ್ಲ.
* ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ.
* ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಮೇಸ್ತ್ರಿಗಾಗಲಿ ಮಾಲೀಕರಿಗಾಗಲಿ ಹೇಳುವಂತಿಲ್ಲ. ಸಂಗಾತಿಗೆ ತಿಳಿಸುವ ವಿಷಯದಲ್ಲಿ ಮಾತ್ರ ವೈದ್ಯರಿಗೆ ಕೆಲವು ಷರತ್ತುಗಳೊಡನೆ ಅವಕಾಶವಿದೆ.
* ಗಂಡ ತೀರಿಕೊಂಡ ಮೇಲೆ ಸೋಂಕಿನ ನೆಪದಲ್ಲಿ ಹೆಣ್ಣನ್ನು ಮನೆಯಿಂದ ಹೊರಹಾಕುವಂತಿಲ್ಲ. ಕೂಡಿ ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಆಕೆಗಿದೆ.
* ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಅನ್ಯಾಯವಾದಾಗ ದೂರು ಕೇಳಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್ ನೇಮಿಸಬೇಕೆಂದು ಕಾಯ್ದೆ ಹೇಳುತ್ತದೆ. ದೂರು ಬಂದ 30 ದಿನದೊಳಗೆ ಆದೇಶ ಹೊರಡಬೇಕು. ಜೀವಕ್ಕೆ ಎರವಾಗುವ ತುರ್ತಿದ್ದರೆ 24 ಗಂಟೆಯೊಳಗೆ ಹೊರಡಿಸುವುದು ಲೇಸೆಂದೂ ಕಾಯ್ದೆ ಸೂಚಿಸಿದೆ. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳಲ್ಲಿ, 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆಸ್ಪತ್ರೆಗಳಲ್ಲಿ ದೂರು ಅಧಿಕಾರಿ ಇರಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಉಚಿತ ಕಾನೂನು ನೆರವಿನ ಸಂಖ್ಯೆ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.

ಇನ್ನೆರಡು ಕಾರ್ಡುಗಳನ್ನೂ ಮಾಡಿಸಿಟ್ಟುಕೊಳ್ಳಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ‘ಲೇಬರ್ ಕಾರ್ಡ್’ ಪಡೆಯಬಹುದು. ವೈದ್ಯಕೀಯ ನೆರವು, ಹೆರಿಗೆ ಸಹಾಯ ಅದರಲ್ಲಿವೆ. ಆಯುಷ್ಮಾನ್ ಕಾರ್ಡಿದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಹೊರರಾಜ್ಯದಲ್ಲೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅದು ನಡೆಯುತ್ತದೆ. ಎಆರ್‌ಟಿ ಗುಳಿಗೆಗೆ ಮಾತ್ರ ಈ ಯಾವ ಕಾರ್ಡಿನ ಹಂಗೂ ಇಲ್ಲ.

ಊರಿಗೆ ಮರಳಿದಾಗ

ಗುಳೆ ಹೋದವರು ಯುಗಾದಿಗೆ ಬರುತ್ತಾರೆ, ಮೊಹರಂನ ಅಲಾಯಿಗೆ ಮುದಗಲ್ಲಿಗೆ ಬರುತ್ತಾರೆ, ಜಾತ್ರೆಗೆ ಬರುತ್ತಾರೆ. ಊರು ತುಂಬುವ ಆ ನಾಲ್ಕು ದಿನಗಳೇ ಆರೋಗ್ಯ ಶಿಬಿರಕ್ಕೆ ಸರಿಯಾದ ಹೊತ್ತು. ವಲಸಿಗರ ತವರು ಹಳ್ಳಿಗಳಲ್ಲಿ ಹಬ್ಬದ ವೇಳೆ ಶಿಬಿರ ನಡೆಸುವುದು ನ್ಯಾಕೊ ಕಾರ್ಯಕ್ರಮದಲ್ಲೇ ಇದೆ. ಗ್ರಾಮ ಪಂಚಾಯಿತಿ ಒಂದು ಪತ್ರ ಬರೆದು ಜಿಲ್ಲಾ ಏಡ್ಸ್ ನಿಯಂತ್ರಣ ಘಟಕವನ್ನು ಕೇಳಿದರೆ ಸಕ್ಕರೆ, ರಕ್ತದೊತ್ತಡ, ಕ್ಷಯ, ಎಚ್‌ಐವಿ ಪರೀಕ್ಷೆಗಳನ್ನು ಒಂದೇ ಶಿಬಿರದಲ್ಲಿ ಜೋಡಿಸಬಹುದು. ಎಲ್ಲ ಪರೀಕ್ಷೆಗೂ ಒಂದೇ ಸಾಲಿದ್ದರೆ ಯಾರು ಯಾವುದಕ್ಕೆ ನಿಂತರೆಂದು ಯಾರೂ ಆಡಿಕೊಳ್ಳುವುದಿಲ್ಲ. ಗಂಡ ಹೆಂಡತಿ ಒಟ್ಟಿಗೇ ಬಂದು ಪರೀಕ್ಷಿಸಿಕೊಂಡರೆ ಮನೆಯಲ್ಲಿ ಅನುಮಾನಕ್ಕೂ ಎಡೆಯಿರುವುದಿಲ್ಲ.

ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು ಒಂದು ಕೆಲಸ ಮಾಡಲಿ. ಬರುವ ಗುಳೆಯ ಹಂಗಾಮಿಗೆ ಮುನ್ನ ಬಸ್ ನಿಲ್ದಾಣದ ಗೋಡೆಯ ಮೇಲೆ ಮೂರು ಸಂಖ್ಯೆಗಳನ್ನು ದೊಡ್ಡದಾಗಿ ಬರೆಸಲಿ: ಎಚ್‌ಐವಿ ಮಾಹಿತಿಗೆ 1097, ಆಂಬುಲೆನ್ಸಿಗೆ 108, ಕಾನೂನು ನೆರವಿಗೆ 15100. ಮೂರಕ್ಕೂ ಕರೆ ಉಚಿತ.